ಭೂಪಟದಲ್ಲಿಲ್ಲದ ನಾಡಿನ ತಂಡ

ಆಷಾಢದ ಒಂದು ಮಧ್ಯಾಹ್ನ ಕಲ್ಕತ್ತದ ಎಸ್ಪ್ಲನೇಡಿನಲ್ಲಿ ಇಳಿದು ಪಶ್ಚಿಮಕ್ಕೆ ಮುಖಮಾಡಿ ನಡೆದರೆ, ಚೌರಂಗಿಯ ಗದ್ದಲ ಬೆನ್ನ ಹಿಂದೆ ಉಳಿದು, ಕಣ್ಣು ಹಾಯುವವರೆಗೂ ಹಸುರು ಬಯಲು ತೆರೆದುಕೊಳ್ಳುತ್ತದೆ. ಇದೇ ಮೈದಾನ. ಬಂಗಾಳಿಗಳು ಇದನ್ನು ‘ಗಡೇರ್ ಮಾಠ್’ ಎಂದೂ ಕರೆಯುವರು. ಎಂದರೆ ಕೋಟೆಯ ಬಯಲು. ಪ್ಲಾಸಿ ಕದನದ ತರುವಾಯ ಇಂಗ್ಲಿಷರು ಹೂಗ್ಲಿ ನದಿಯ ದಂಡೆಯಲ್ಲಿ ಹೊಸ ಫೋರ್ಟ್ ವಿಲಿಯಂ ಕಟ್ಟಿದಾಗ, ಫಿರಂಗಿಯ ಗುಂಡು ಹಾರುವುದಕ್ಕೆ ಅಡ್ಡಿಯಿರಬಾರದೆಂದು ಸುತ್ತಲಿನ ಕಾಡನ್ನು ಕಡಿಸಿ ಬಯಲು ಮಾಡಿಸಿದರು. ಗುಂಡು ಹಾರುವ ಪ್ರಸಂಗ ಬರಲಿಲ್ಲ. ಬದಲಿಗೆ, ಚೆಂಡು ಹಾರಿತು.

ಮೈದಾನದ ಒಡೆತನ ಇಂದಿಗೂ ಸೈನ್ಯದ್ದು. ಅಲ್ಲಿ ಯಾರೂ ಶಾಶ್ವತವಾದ ಕಟ್ಟಡ ಕಟ್ಟಕೂಡದು. ಆದ್ದರಿಂದ, ನೂರು ವರ್ಷ ಮೀರಿದ ಬಾಳುಳ್ಳ ಕ್ಲಬ್ಬುಗಳು ಸಹ ತಮ್ಮ ಮನೆಯನ್ನು ‘ಟೆಂಟು’ ಎಂದೇ ಕರೆಯುತ್ತವೆ. ಮರದ ಕಂಬ, ತಗಡಿನ ಮಾಡು, ಮುಂದೊಂದು ಹೂದೋಟ. ಒಳಗೆ ಬೆತ್ತದ ಕುರ್ಚಿಗಳು, ಗಾಜಿನ ಬೀರುವಿನಲ್ಲಿ ಬೆಳ್ಳಿಯ ಬಟ್ಟಲುಗಳು. ಶಹೀದ್ ಮಿನಾರಿನ ನೆರಳನ್ನು ದಾಟಿ, ಹಾಕಿ ವೀರ ಲೆಸ್ಲಿ ಕ್ಲಾಡಿಯಸ್ ಹೆಸರಿನ ರಸ್ತೆಗೆ ಬಂದರೆ, ಅಂಥದೊಂದು ಟೆಂಟಿನ ಮೇಲೆ ಕೆಂಪು ಮತ್ತು ಹೊಂಬಣ್ಣದ ಧ್ವಜ ಕಾಣಿಸುತ್ತದೆ. ಧ್ವಜದ ನಡುವೆ ಉರಿಯುವ ಪಂಜು. ಬಾಗಿಲ ಮೇಲೆ ಹೆಸರು: ಈಸ್ಟ್ ಬೆಂಗಾಲ್ ಕ್ಲಬ್.

ಹೊಸದಾಗಿ ಬಂದ ಪ್ರವಾಸಿಗೆ ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಮೋಹನ್ ಬಾಗಾನ್ ಎಂಬುದು ಉತ್ತರ ಕಲ್ಕತ್ತದ ಒಂದು ತೋಟದ ಮನೆಯ ಹೆಸರು. ಮಹಮ್ಮಡನ್ ಸ್ಪೋರ್ಟಿಂಗ್ ಎಂಬುದರ ಅರ್ಥವನ್ನು ಯಾರೂ ಕೇಳಬೇಕಾಗಿಲ್ಲ. ಆದರೆ ಈಸ್ಟ್ ಬೆಂಗಾಲ್ ಎಂಬ ನಾಡು ಎಲ್ಲಿದೆ? ಭೂಪಟವನ್ನು ಹರಡಿ ಎಷ್ಟು ಹುಡುಕಿದರೂ ಅದು ಸಿಗದು. 1947ರಲ್ಲಿ ಅದು ಪಾಕಿಸ್ತಾನದ ಒಂದು ಪ್ರಾಂತವಾಯಿತು. 1955ರಲ್ಲಿ ಅದರ ಹೆಸರನ್ನೇ ತೆಗೆದು ಪೂರ್ವ ಪಾಕಿಸ್ತಾನವೆಂದು ಕರೆದರು. 1971ರಲ್ಲಿ ಅದೇ ನೆಲ ಬಾಂಗ್ಲಾದೇಶವಾಯಿತು. ಸರ್ಕಾರಗಳು ಅಳಿಸಿಹಾಕಿದ ಹೆಸರು ಉಳಿದುಕೊಂಡಿರುವುದು, ಶಾಶ್ವತವಾದ ಗೋಡೆಯೆಬ್ಬಿಸಲು ಅಪ್ಪಣೆಯಿಲ್ಲದ ಈ ಟೆಂಟಿನ ಹಲಗೆಯ ಮೇಲೆ.

ಹುಟ್ಟಿನ ಕಥೆ ಜಗಳದ್ದು. 1920ರ ಜುಲೈ 28ರಂದು ಜೋಡಾಬಾಗಾನ್ ಎಂಬ ತಂಡಕ್ಕೂ ಮೋಹನ್ ಬಾಗಾನಿಗೂ ಕೂಚ್‌ಬಿಹಾರ್ ಕಪ್ಪಿನ ಪಂದ್ಯ. ಜೋಡಾಬಾಗಾನಿನವರು ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕಾರಣ ಹೇಳದೆ ಕೈಬಿಟ್ಟರು. ಆ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಎಷ್ಟು ಕೇಳಿಕೊಂಡರೂ ಉಪಯೋಗವಾಗಲಿಲ್ಲ. ಚೌಧುರಿಯವರೂ ಬೋಸರೂ ಪೂರ್ವ ಬಂಗಾಳದ ಕಡೆಯವರು. ಇದು ಊರಿನ ಕಾರಣಕ್ಕೆ ಆದ ಅವಮಾನವೆಂದು ಚೌಧುರಿಯವರಿಗೆ ಅನ್ನಿಸಿತು. ಕ್ಲಬ್ಬಿನಿಂದ ಹೊರಬಿದ್ದು, ಗೆಳೆಯರನ್ನು ಕೂಡಿಸಿಕೊಂಡು, ನಾಲ್ಕೇ ದಿನಗಳಲ್ಲಿ, ಆಗಸ್ಟ್ 1ರಂದು, ತಮ್ಮದೇ ಕ್ಲಬ್ಬನ್ನು ಹುಟ್ಟುಹಾಕಿದರು. ಅದಕ್ಕೆ ಇಟ್ಟ ಹೆಸರು ತಮ್ಮ ಸೀಮೆಯದೇ. ಚೌರಂಗಿಯ ವೈಟ್‌ಅವೇ ಲೇಡ್ಲಾ ಎಂಬ ದೊಡ್ಡ ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ್ದ ಕೆಂಪು ಮತ್ತು ಹೊಂಬಣ್ಣದ ಅಂಗಿಗಳನ್ನು ಕಂಡು, 80 ರೂಪಾಯಿ ತೆತ್ತು ಕೊಂಡರೆಂಬುದು ಕ್ಲಬ್ಬಿನವರು ಇಂದಿಗೂ ಹೇಳುವ ಮಾತು. ಆ ಕಾಲಕ್ಕೆ 80 ರೂಪಾಯಿ ಎಂದರೆ ಒಂದು ಸಣ್ಣ ಸಂಸಾರ ಎಷ್ಟು ತಿಂಗಳು ನಡೆಯುತ್ತಿತ್ತೋ!

‘ಊರಿನ ಕಾರಣ’ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಕತ್ತದ ಬಂಗಾಳಿಗಳಲ್ಲಿ ಎರಡು ಬಗೆ: ಪಶ್ಚಿಮದ ಮೂಲನಿವಾಸಿ ‘ಘೋಟಿ’, ಪದ್ಮಾ, ಮೇಘನಾ ನದಿಗಳ ಕಡೆಯಿಂದ ಬಂದವನು ‘ಬಾಂಗಾಲ್’. ಭಾಷೆ ಒಂದೇ, ಉಚ್ಚಾರಣೆ ಬೇರೆ. ಢಾಕಾ ಕಡೆಯವರ ಮಾತನ್ನು ಅಣಕಿಸುವುದು ಕಲ್ಕತ್ತದ ನಾಟಕಗಳಲ್ಲಿ ಹಳೆಯ ಹಾಸ್ಯ. ಘೋಟಿಯ ಅಡುಗೆಗೆ ಚಿಟಿಕೆ ಸಕ್ಕರೆ ಬೀಳಬೇಕು. ಬಾಂಗಾಲನ ಅಡುಗೆ ಖಾರ. ಧಾರವಾಡದ ಸಂಸಾರಕ್ಕೂ ಮೈಸೂರಿನ ಸಂಸಾರಕ್ಕೂ ಬೀಗತನವಾದ ಮನೆಗಳಲ್ಲಿ ಸಾರಿನ ರುಚಿಯ ಬಗ್ಗೆ ನಡೆಯುವ ಚರ್ಚೆಯನ್ನು ಬಲ್ಲವರಿಗೆ ಇದು ಅರ್ಥವಾದೀತು. ಆದರೆ ಅಲ್ಲಿ ಆ ಚರ್ಚೆ ಅಡುಗೆಮನೆಯಲ್ಲಿ ನಿಲ್ಲದೆ ಮೈದಾನಕ್ಕೆ ಬಂದಿತು.

ಮೈದಾನದಲ್ಲಿ ಆಗಲೇ ಒಬ್ಬ ಅರಸನಿದ್ದ. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1 ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತ್ತು. ಹನ್ನೊಂದು ಮಂದಿಯಲ್ಲಿ ಒಬ್ಬನ ಹೊರತು ಉಳಿದವರೆಲ್ಲರದೂ ಬರಿಗಾಲು. ದೂರ ನಿಂತವರಿಗೆ ಗೋಲಿನ ಲೆಕ್ಕ ತಿಳಿಯಲೆಂದು ಗಾಳಿಪಟ ಹಾರಿಸಿದರಂತೆ. ಆಳುವವರನ್ನು ಆಟದಲ್ಲಿ ಸೋಲಿಸಬಹುದೆಂದು ದೇಶಕ್ಕೆ ತೋರಿಸಿದ ಆ ಕ್ಲಬ್ಬಿನ ಕೀರ್ತಿಯ ಮುಂದೆ, ಒಂಬತ್ತು ವರ್ಷಗಳ ತರುವಾಯ ಹುಟ್ಟಿದ ಈ ಹೊಸಬರಿಗೆ ಹೇಳಿಕೊಳ್ಳುವಂಥದು ಏನಿತ್ತು? ಹುಟ್ಟಿದ ತಿಂಗಳಲ್ಲೇ ಗೆದ್ದ ಹರ್ಕ್ಯುಲಿಸ್ ಕಪ್ಪೊಂದು ಇತ್ತು. ಅದೂ ಏಳೇಳು ಮಂದಿ ಆಡುವ ಪಂದ್ಯಾವಳಿಯದು. 1925ರ ಮೇ 28ರಂದು ಕಲ್ಕತ್ತ ಲೀಗಿನಲ್ಲಿ ಎರಡು ತಂಡಗಳೂ ಮೊದಲ ಬಾರಿ ಎದುರಾದಾಗ, ನೇಪಾಲ್ ಚಕ್ರವರ್ತಿ ಹೊಡೆದ ಒಂದೇ ಗೋಲಿನಿಂದ ಈಸ್ಟ್ ಬೆಂಗಾಲ್ ಗೆದ್ದಿತು. ಅಂದು ಹತ್ತಿದ ಕಿಡಿ ಇನ್ನೂ ಆರಿಲ್ಲ. 1930ರಲ್ಲಿ ಮೇಲಿನ ದರ್ಜೆಗೆ ಏರಬೇಕಾಗಿದ್ದ ಕ್ಲಬ್ಬಿಗೆ ಆ ಅವಕಾಶ ತಪ್ಪಿದಾಗ, ಅಭಿಮಾನಿಗಳು ಪಂಜು ಹಿಡಿದು ಮೆರವಣಿಗೆ ಹೊರಟರೆಂದೂ, ಆ ಪಂಜೇ ಧ್ವಜದ ಲಾಂಛನವಾಯಿತೆಂದೂ ಕ್ಲಬ್ಬಿನ ಐತಿಹ್ಯ. ಲೀಗಿನ ಪಟ್ಟ ಮೊದಲ ಬಾರಿ ಸಿಕ್ಕಿದ್ದು 1942ರಲ್ಲಿ. 1945ರಲ್ಲಿ ಲೀಗೂ ಷೀಲ್ಡೂ ಜೊತೆಯಾಗಿ ಬಂದವು.

ಅಲ್ಲಿಯವರೆಗೆ ಅದು ಒಂದು ಸೀಮೆಯವರ ಹೆಮ್ಮೆ, ಅಷ್ಟೆ. ಮುಂದೆ ಆದದ್ದು ಬೇರೆ.

ಮೈದಾನದಿಂದ ಪೂರ್ವಕ್ಕೆ ಸಿಯಾಲ್ದಾ ರೈಲುನಿಲ್ದಾಣ. ಇಂದು ಅಲ್ಲಿ ಉಪನಗರದ ರೈಲುಗಳಿಂದ ಜನ ಹೊಳೆಯಂತೆ ಹರಿದುಬರುತ್ತಾರೆ. ನಿಂತು ನೋಡುವ ವ್ಯವಧಾನ ಯಾರಿಗೂ ಇಲ್ಲ. ದೇಶ ಇಬ್ಭಾಗವಾದ ಮೇಲೆ ಇದೇ ಪ್ಲಾಟುಫಾರಂಗಳಲ್ಲಿ ಸಂಸಾರಗಳು ಗಂಟುಮೂಟೆಗಳ ನಡುವೆ ತಿಂಗಳುಗಟ್ಟಲೆ ಬಾಳಿದವು. ಢಾಕಾ, ಬರಿಸಾಲ್, ಫರೀದ್‌ಪುರ, ಮೈಮೆನ್‌ಸಿಂಗ್‌ಗಳಿಂದ ಬಂದವರಲ್ಲಿ ವಕೀಲರಿದ್ದರು, ಶಾಲಾ ಉಪಾಧ್ಯಾಯರಿದ್ದರು, ಹೊಲಗದ್ದೆಯುಳ್ಳವರಿದ್ದರು. ಬಂದಿಳಿದ ಮೇಲೆ ಎಲ್ಲರೂ ನಿರಾಶ್ರಿತರು. ನಗರದ ದಕ್ಷಿಣದಲ್ಲಿ, ಜಾದವ್‌ಪುರದ ಆಚೆ, ಯುದ್ಧಕಾಲದ ಸೈನಿಕ ಶಿಬಿರವೊಂದು ಬರಿದಾಗಿ ಬಿದ್ದಿತ್ತು. ಕೆಲವರು ಅದರೊಳಗೆ ಹೊಕ್ಕು ನೆಲೆನಿಂತರು. ಅದೇ ಇಂದಿನ ವಿಜಯ್‌ಗಢ. ಅದರ ಸುತ್ತ ಒಂದೊಂದಾಗಿ ಕಾಲೊನಿಗಳು ಎದ್ದವು. ರಾತ್ರಿ ಬಿದಿರು ನೆಟ್ಟು, ಬೆಳಗಾಗುವುದರೊಳಗೆ ಚಾಪೆಯ ಗೋಡೆಯೆಬ್ಬಿಸಿ, ಜಮೀನ್ದಾರನ ಆಳುಗಳು ಬಂದರೆ ಹೆಂಗಸರು ಶಂಖ ಊದಿ ಎಲ್ಲರನ್ನೂ ಕರೆಯುತ್ತಿದ್ದರು.

ಇಂಥ ಮನೆಗಳಿಂದ, ಶನಿವಾರ ಮಧ್ಯಾಹ್ನ, ಅಪ್ಪನೂ ಮಗನೂ ಮೈದಾನದ ದಾರಿ ಹಿಡಿಯುವರು. ಟಿಕೆಟ್ಟಿಗೆ ಆಣೆಗಳನ್ನು ಹೇಗೆ ಹೊಂದಿಸುತ್ತಿದ್ದರೋ ಅವರೇ ಬಲ್ಲರು. ಟಿಕೆಟ್ಟು ಸಿಗದವರು ಕೋಟೆಯ ಏರಿನ ಮೇಲೆ ನಿಂತು, ರಟ್ಟಿನ ಕೊಳವೆಗೆ ಎರಡು ಕನ್ನಡಿ ಜೋಡಿಸಿದ ‘ಪೆರಿಸ್ಕೋಪಿ’ನಲ್ಲಿ ಜನರ ತಲೆಗಳ ಮೇಲಿನಿಂದ ಆಟ ನೋಡುತ್ತಿದ್ದರು. ಬಿಟ್ಟು ಬಂದ ಮನೆಗೆ ಮರಳುವಂತಿಲ್ಲ, ನಿಂತ ನೆಲಕ್ಕೆ ಪಟ್ಟಾ ಇಲ್ಲ, ಬೀದಿಯಲ್ಲಿ ಬಾಯಿಬಿಟ್ಟರೆ ಮಾತಿನ ಧಾಟಿಗೆ ನಗುವವರುಂಟು. ಆದರೆ ಗ್ಯಾಲರಿಯಲ್ಲಿ ನಿಂತು ‘ಈಸ್ಟ್ ಬೆಂಗಾಲ್’ ಎಂದು ಕೂಗಿದರೆ ನಗುವವರಿರಲಿಲ್ಲ. ಕೂಗಿದ್ದು ತಮ್ಮ ಊರಿನ ಹೆಸರನ್ನೇ.

ಆ ಕೂಗಿಗೆ ತಕ್ಕ ಆಟವೂ ಅದೇ ಕಾಲದಲ್ಲಿ ಕೂಡಿಬಂದದ್ದು ವಿಶೇಷ. ಅದಕ್ಕಿಂತ ವಿಶೇಷವೆಂದರೆ, ಅದನ್ನು ಆಡಿದವರು ಯಾರೆಂಬುದು. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ಎಂಬವರು ದೇಶವನ್ನೆಲ್ಲ ಜಾಲಾಡಿ ಐವರು ಮುಂಚೂಣಿ ಆಟಗಾರರನ್ನು ಒಟ್ಟುಗೂಡಿಸಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಐವರೂ ದಕ್ಷಿಣ ದೇಶದವರು; ಪದ್ಮಾ ನದಿಯ ನೀರು ಕುಡಿದವರು ಒಬ್ಬರೂ ಇಲ್ಲ! ಕಲ್ಕತ್ತದ ಜನ ಇವರಿಗೆ ‘ಪಂಚಪಾಂಡವರು’ ಎಂದು ಹೆಸರಿಟ್ಟರು. ಅಜ್ಞಾತವಾಸದ ನೋವನ್ನು ತಿಳಿದವರು ಇಟ್ಟ ಹೆಸರು. 1949ರಲ್ಲಿ ಲೀಗು, ಷೀಲ್ಡು, ಬೊಂಬಾಯಿಯ ರೋವರ್ಸ್ ಕಪ್ಪು, ಮೂರೂ ಒಂದೇ ವರ್ಷ ಟೆಂಟಿಗೆ ಬಂದವು. ಷೀಲ್ಡು 1950ರಲ್ಲೂ 1951ರಲ್ಲೂ ಅಲ್ಲಿಯೇ ಉಳಿಯಿತು. ದಿಲ್ಲಿಯ ಡ್ಯೂರಾಂಡ್ ಕಪ್ಪು 1951 ಮತ್ತು 1952ರಲ್ಲಿ ಸಿಕ್ಕಿತು.

ಐವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1926ರಲ್ಲಿ ಹುಟ್ಟಿ, ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಪಳಗಿದವರು. ಆ ತಂಡವೂ ಸಾಮಾನ್ಯವಾದುದಲ್ಲ. ಗೋರಾ ಪಲ್ಟನ್ನುಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಅದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅಹ್ಮದ್ ಖಾನ್ ಬರಿಗಾಲಿನಿಂದ ಚೆಂಡನ್ನು ಆಡಿಸಿದ ಪರಿಯನ್ನು ಕಂಡ ಇಂಗ್ಲಿಷರು ಅವರನ್ನು ಹಾವಾಡಿಗನಿಗೆ ಹೋಲಿಸಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿದಾಗ, ಆ ಒಂದು ಗೋಲು ಅವರದೇ. ಸುಮಾರು ಹತ್ತು ವರ್ಷ ಅವರು ಕೆಂಪು ಮತ್ತು ಹೊಂಬಣ್ಣದ ಅಂಗಿಯನ್ನು ಬಿಡಲಿಲ್ಲ. ಬಂಗಾಳದ ನಿರಾಶ್ರಿತನ ಕಣ್ಣೊರೆಸಿದ ಈ ಬೆಂಗಳೂರಿಗರು 2017ರ ಆಗಸ್ಟಿನಲ್ಲಿ ತಮ್ಮ ಊರಿನಲ್ಲೇ ಕಣ್ಮುಚ್ಚಿದರು. ಕಲ್ಕತ್ತದಲ್ಲಿ ಅವರ ಹೆಸರು ಹೇಳಿದರೆ ಚಹದ ಅಂಗಡಿಯ ಮುದುಕರು ಬೆಂಚಿನಲ್ಲಿ ಜಾಗ ಮಾಡಿಕೊಡುತ್ತಾರೆ. ಬೆಂಗಳೂರಿನಲ್ಲಿ ಹೇಳಿದರೆ ‘ಯಾರು?’ ಎಂದು ಕೇಳುವವರೇ ಹೆಚ್ಚು. ಇದು ನಮ್ಮ ಲೋಪ.

ಹೊರದೇಶಗಳ ತಂಡಗಳೊಡನೆ ಈ ಕ್ಲಬ್ಬು ನಡೆಸಿದ ಲೇವಾದೇವಿಯೂ ಆ ಕಾಲದಿಂದಲೇ ಮೊದಲಾಯಿತು. 1948ರಲ್ಲಿ ಚೀನಾದ ಒಲಿಂಪಿಕ್ ತಂಡ ಕಲ್ಕತ್ತಕ್ಕೆ ಬಂದು 2-0ರಿಂದ ಸೋತು ಹೋಯಿತು. 1953ರಲ್ಲಿ ಕ್ಲಬ್ಬು ರುಮೇನಿಯದ ಬುಖಾರೆಸ್ಟಿನ ಯುವಜನೋತ್ಸವಕ್ಕೆ ಹೋಗಿ, ಅಲ್ಲಿಂದ ಸೋವಿಯೆತ್ ದೇಶಕ್ಕೆ ತೆರಳಿತು. ಮಾಸ್ಕೋದ ಟಾರ್ಪೆಡೊ ತಂಡದೊಡನೆ 3-3ರ ಸಮಬಲ ಸಾಧಿಸಿದ್ದು ದೊಡ್ಡ ಮಾತೇ. ಆದರೆ ಕೀವ್ ನಗರದಲ್ಲಿ ಡೈನಮೊ ತಂಡದ ಕೈಯಲ್ಲಿ ಆದ ಸೋಲು ಎಂಥದೆಂದರೆ, ಅಭಿಮಾನಿಗಳು ಆ ಪುಟವನ್ನು ಬೇಗನೆ ಮಗುಚುತ್ತಾರೆ. ಮೈದಾನದ ಕೆಸರಿನಲ್ಲಿ ಕಲಿತ ಕಾಲ್ಚಳಕಕ್ಕೂ ಯುರೋಪಿನ ವೇಗಕ್ಕೂ ಇರುವ ಅಂತರವನ್ನು ಹೆಲ್ಸಿಂಕಿಯಂತೆ ಕೀವ್ ಸಹ ತೋರಿಸಿಕೊಟ್ಟಿತು.

ಆ ಪುಟವನ್ನು ಮರೆಸಿದ ಸಂಜೆ 1970ರದು. ಮೈದಾನದ ವಾಯವ್ಯದ ಮೂಲೆಯಲ್ಲಿ, ನದಿಗೆ ಹತ್ತಿರವಾಗಿ ಈಡನ್ ಗಾರ್ಡನ್ಸ್ ಇದೆ. ನಮ್ಮಲ್ಲಿ ಕ್ರಿಕೆಟ್ಟಿಗೆ ಹೆಸರಾದ ಈ ಕ್ರೀಡಾಂಗಣ ಬಹುಕಾಲ ಕಾಲ್ಚೆಂಡಿನ ಮಹಾಪಂದ್ಯಗಳಿಗೂ ಮನೆಯಾಗಿತ್ತು. ಅಲ್ಲಿ ಷೀಲ್ಡಿನ ಅಂತಿಮ ಪಂದ್ಯಕ್ಕೆ ಇರಾನಿನ ಪಾಸ್ ತೆಹ್ರಾನ್ ತಂಡ ಬಂದು ನಿಂತಿತು. ಆಳುಗಳು ಎತ್ತರ, ಓಟ ಬಿರುಸು. ಆಟ ಮುಗಿಯಲು ಬಂದರೂ ಗೋಲಿಲ್ಲ. ಬದಲಿ ಆಟಗಾರನಾಗಿ ಕಣಕ್ಕಿಳಿದಿದ್ದ ಪರಿಮಳ್ ಡೇ ಕೊನೆಯ ನಿಮಿಷಗಳಲ್ಲಿ ಚೆಂಡನ್ನು ಬಲೆಗೆ ಸೇರಿಸಿದರು. ಕತ್ತಲಾಗುತ್ತಿದ್ದ ಗ್ಯಾಲರಿಯಲ್ಲಿ ಜನ ವೃತ್ತಪತ್ರಿಕೆಗಳನ್ನು ಸುರುಳಿ ಸುತ್ತಿ ಕಡ್ಡಿ ಗೀರಿ ಸಾವಿರ ಪಂಜುಗಳನ್ನು ಹಚ್ಚಿದರೆಂದು ನೋಡಿದವರು ಹೇಳುತ್ತ ಬಂದಿದ್ದಾರೆ. ಬ್ರಿಟಿಷ್ ಪಲ್ಟನ್ನುಗಳು ಹೋದ ಮೇಲೆ ವಿದೇಶೀ ತಂಡವೊಂದನ್ನು ಷೀಲ್ಡಿನ ಅಂತಿಮದಲ್ಲಿ ಸೋಲಿಸಿದ ಹಿರಿಮೆ ಅದು. ಮೂರು ವರ್ಷಗಳ ತರುವಾಯ, 1973ರಲ್ಲಿ, ಉತ್ತರ ಕೊರಿಯದ ಪ್ಯಾಂಗ್‌ಯಾಂಗ್ ತಂಡಕ್ಕೂ ಅದೇ ಗತಿಯಾಯಿತು: 3-1.

ಮನೆಯೊಳಗಿನ ಎದುರಾಳಿಗಳ ಪಾಲಿಗಂತೂ ಆ ವರ್ಷಗಳು ಬರಗಾಲ. 1970ರಿಂದ 1975ರವರೆಗೆ ಒಂದೇ ಸಮನೆ ಆರು ಬಾರಿ ಲೀಗಿನ ಪಟ್ಟ ಈಸ್ಟ್ ಬೆಂಗಾಲಿನದು. 1972ರ ಲೀಗಿನಲ್ಲಿ ಎದುರಾಳಿಗೆ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ತರಬೇತುದಾರರು ಪಿ. ಕೆ. ಬ್ಯಾನರ್ಜಿ, ತಾವು ಆಡುವಾಗ ದೊಡ್ಡ ಕ್ಲಬ್ಬುಗಳ ಮೋಹಕ್ಕೆ ಬೀಳದೆ ರೈಲ್ವೆ ತಂಡದಲ್ಲೇ ಉಳಿದವರು. ಇವೆಲ್ಲದರ ಶಿಖರ 1975ರ ಸೆಪ್ಟೆಂಬರ್ 30ರ ಷೀಲ್ಡ್ ಅಂತಿಮ ಪಂದ್ಯ. ಶ್ಯಾಮ್ ಥಾಪಾ ಎರಡು, ಸುರಜಿತ್ ಸೇನ್‌ಗುಪ್ತ, ರಂಜಿತ್ ಮುಖರ್ಜಿ, ಶುಭಂಕರ್ ಸನ್ಯಾಲ್ ಒಂದೊಂದು: ಈಸ್ಟ್ ಬೆಂಗಾಲ್ 5, ಮೋಹನ್ ಬಾಗಾನ್ ಸೊನ್ನೆ. ‘ಪಾಂಚ್ ಗೋಲ್’ ಎಂಬ ಎರಡು ಮಾತು ಕಲ್ಕತ್ತದಲ್ಲಿ ಇಂದಿಗೂ ಸಾಕು, ಮದುವೆಯ ಪಂಕ್ತಿಯಲ್ಲಿ ಕೂತ ಭಾವಮೈದುನರು ಜಗಳಕ್ಕೆ ನಿಲ್ಲುವುದಕ್ಕೆ. ಶ್ಯಾಮ್ ಥಾಪಾ ಮುಂದೆ ಮೋಹನ್ ಬಾಗಾನಿಗೆ ಹೋಗಿ, 1978ರಲ್ಲಿ ಹಿಮ್ಮುಖವಾಗಿ ಗಾಳಿಯಲ್ಲಿ ಮಗುಚಿ ಒದ್ದು ಹಳೆಯ ಕ್ಲಬ್ಬಿನ ಮೇಲೆಯೇ ಗೋಲು ಹೊಡೆದರು. ಆಟಗಾರರಿಗೆ ಕ್ಲಬ್ಬು ಉದ್ಯೋಗ, ಗ್ಯಾಲರಿಯವರಿಗೆ ಕುಲ.

ಕುಲವಾದಾಗ ಅದರ ಕೇಡೂ ತಪ್ಪದು. 1975ರ ಸೋಲನ್ನು ತಾಳಲಾರದೆ ಮೋಹನ್ ಬಾಗಾನಿನ ಒಬ್ಬ ತರುಣ ಅಭಿಮಾನಿ ಪ್ರಾಣ ಕಳೆದುಕೊಂಡ. ಐದು ವರ್ಷಗಳ ಬಳಿಕ, 1980ರ ಆಗಸ್ಟ್ 16ರಂದು, ಅದೇ ಈಡನ್ ಗಾರ್ಡನ್ಸಿನಲ್ಲಿ ಎರಡು ತಂಡಗಳ ಲೀಗ್ ಪಂದ್ಯ ನಡೆದಿರುವಾಗ ಗ್ಯಾಲರಿಯಲ್ಲಿ ಹೊಡೆದಾಟ ಹತ್ತಿಕೊಂಡು, ಜನ ಒಬ್ಬರ ಮೇಲೊಬ್ಬರು ಬಿದ್ದು, 16 ಮಂದಿ ಸತ್ತರು. ಆಟ ನೋಡಿ ಬರುವೆನೆಂದು ಮನೆಯಲ್ಲಿ ಹೇಳಿ ಹೋದವರು. ಅಂದು ಯಾರೂ ಗೆಲ್ಲಲಿಲ್ಲ. ಆಟ ಗೋಲಿಲ್ಲದೆ ಮುಗಿಯಿತು. ಪ್ರತಿವರ್ಷ ಆ ದಿನ ಕಲ್ಕತ್ತದಲ್ಲಿ ಅವರ ನೆನಪಿಗಾಗಿ ಎರಡೂ ಕಡೆಯವರು ಸರದಿಯಲ್ಲಿ ನಿಂತು ರಕ್ತದಾನ ಮಾಡುತ್ತಾರೆ. ಶೀಷೆಯಲ್ಲಿ ತುಂಬಿದ ರಕ್ತದ ಮೇಲೆ ಘೋಟಿ, ಬಾಂಗಾಲ್ ಎಂದು ಬರೆದಿರುವುದಿಲ್ಲ.

ಮೈದಾನದ ಗ್ಯಾಲರಿಗಳು ಸಾಲದಾದಾಗ, ನಗರದ ಪೂರ್ವದಲ್ಲಿ, ಉಪ್ಪುನೀರಿನ ಜವುಗನ್ನು ತುಂಬಿ ಕಟ್ಟಿದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ದೊಡ್ಡ ಕ್ರೀಡಾಂಗಣವೆದ್ದಿತು. ಬಾಗಿಲು ತೆರೆದದ್ದು 1984ರಲ್ಲಿ. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಉಪಾಂತ್ಯ ಪಂದ್ಯಕ್ಕೆ ಇಲ್ಲಿ ಸೇರಿದವರು 1,31,000ಕ್ಕೂ ಹೆಚ್ಚು. ಒಂದು ಜಿಲ್ಲಾ ಕೇಂದ್ರದ ಜನವೆಲ್ಲ ಒಂದೇ ಬೇಲಿಯೊಳಗೆ ಬಂದು ಕುಳಿತಂತೆ. ಮೋಹನ್ ಬಾಗಾನಿನ ತರಬೇತುದಾರ ಅಮಲ್ ದತ್ತ ತಮ್ಮ ‘ವಜ್ರವ್ಯೂಹ’ದ ಹೆಮ್ಮೆಯಲ್ಲಿ, ಎದುರು ತಂಡದ ಬೈಚುಂಗ್ ಭುಟಿಯಾ ಅವರನ್ನು ‘ಚಮ್‌ಚಮ್’ ಎಂಬ ಮಿಠಾಯಿಯೆಂದು ಅಣಕಿಸಿದ್ದರು. ಮಿಠಾಯಿ ಕಹಿಯಾಯಿತು. ಸಿಕ್ಕಿಮಿನ ಆ ಹುಡುಗ ಮೂರು ಗೋಲು ಹೊಡೆದು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಇದಕ್ಕೂ ಮುಂಚೆ, 1993ರಲ್ಲಿ, ಏಷ್ಯದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡ 6-2ರಿಂದ ಸೋತಾಗ ಮೂರು ಗೋಲು ಹೊಡೆದವರು ಕಾರ್ಲ್‌ಟನ್ ಚಾಪ್‌ಮನ್. ಅವರೂ ಬೆಂಗಳೂರಿನವರೇ. ಮುಂದೆ ನಾಯಕರಾಗಿ 2001ರಲ್ಲಿ ಕ್ಲಬ್ಬಿಗೆ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದುಕೊಟ್ಟು, 2020ರ ಅಕ್ಟೋಬರಿನಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಹೊರದೇಶದ ನೆಲದಲ್ಲಿ ಬಂದ ದೊಡ್ಡ ಗೆಲುವು 2003ರ ಜುಲೈ 26ರಂದು, ಇಂಡೊನೇಷ್ಯದ ಜಕಾರ್ತದಲ್ಲಿ. ಆಸಿಯಾನ್ ರಾಷ್ಟ್ರಗಳ ಕ್ಲಬ್ಬುಗಳ ಪಂದ್ಯಾವಳಿಗೆ ಅತಿಥಿಯಾಗಿ ಹೋದ ತಂಡ, ಮೊದಲ ಪಂದ್ಯವನ್ನೇ ಥಾಯ್‌ಲೆಂಡಿನ ಬಿ.ಇ.ಸಿ. ತೆರೊ ಸಾಸನಕ್ಕೆ 0-1ರಿಂದ ಸೋತಿತು. ಮುಂದಿನದರಲ್ಲಿ ಫಿಲಿಪೈನ್ಸಿನ ಸೈನ್ಯದ ತಂಡದ ಮೇಲೆ ಆರು ಗೋಲು. ಆರೂ ಭುಟಿಯಾ ಅವರವು. ಉಪಾಂತ್ಯದಲ್ಲಿ ಆತಿಥೇಯ ದೇಶದ ಪೆಟ್ರೊಕಿಮಿಯಾ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ದಾಟಿ ಅಂತಿಮಕ್ಕೆ ಬಂದರೆ, ಎದುರಿಗೆ ನಿಂತದ್ದು ಅದೇ ತೆರೊ ಸಾಸನ. ಈ ಬಾರಿ ಓಕೊರೊ, ಭುಟಿಯಾ, ಆಲ್ವಿಟೊ ಡಿಕುನ್ಹಾ ಒಂದೊಂದು ಹೊಡೆದು 3-1ರಿಂದ ಹಳೆಯ ಸಾಲ ತೀರಿಸಿದರು. ಹತ್ತು ವರ್ಷಗಳ ತರುವಾಯ ಎ.ಎಫ್.ಸಿ. ಕಪ್ಪಿನ ಉಪಾಂತ್ಯದವರೆಗೆ ಹೋದರೂ ಕುವೈತ್ ಕ್ಲಬ್ಬಿನ ಮುಂದೆ ಎರಡೂ ಪಂದ್ಯಗಳಲ್ಲಿ ಸೋಲಬೇಕಾಯಿತು. ಮೋಹನ್ ಬಾಗಾನಿನವರು ಮಾತ್ರ ಇಂಥ ಪಟ್ಟಿಯನ್ನು ಕೇಳಿ ನಗುತ್ತಾರೆ. 1977ರಲ್ಲಿ ಈಡನ್ನಿಗೆ ಬಂದ ಪೆಲೆಯ ಕಾಸ್ಮೋಸ್ ತಂಡದೊಡನೆ 2-2ರ ಸಮಬಲ ಸಾಧಿಸಿದವರು ತಾವಲ್ಲವೆ ಎಂಬುದು ಅವರ ಉತ್ತರ. 2009ರಲ್ಲಿ ಚಿಡಿ ಎಡೆ ಒಬ್ಬರೇ ನಾಲ್ಕು ಗೋಲು ಹೊಡೆದು ಮೋಹನ್ ಬಾಗಾನಿಗೆ 5-3ರ ಗೆಲುವು ತಂದಾಗ, 34 ವರ್ಷ ಹೊತ್ತ ‘ಐದು ಗೋಲಿನ’ ಭಾರ ಅರ್ಧವಾದರೂ ಇಳಿಯಿತೆಂದು ಅವರು ನಿಟ್ಟುಸಿರು ಬಿಟ್ಟರು.

ಪಂದ್ಯದ ಫಲಿತಾಂಶ ಮನೆಮನೆಗೆ ತಲಪುವುದು ಮೀನಿನ ಮಾರುಕಟ್ಟೆಯ ಮೂಲಕ. (ಸಸ್ಯಾಹಾರಿ ಓದುಗರು ಈ ಭಾಗವನ್ನು ದಾಟಿ ಮುಂದೆ ಹೋಗಬಹುದು.) ಈಸ್ಟ್ ಬೆಂಗಾಲ್ ಗೆದ್ದರೆ ಪದ್ಮಾ ನದಿಯ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ದೊಡ್ಡ ಸಿಗಡಿ. ಗೆದ್ದ ಸಂಜೆ ಗಡಿಯಾಹಾಟದ ಅಂಗಡಿಯವನು ಬೆಲೆಯನ್ನು ತಾನಾಗಿಯೇ ಏರಿಸುತ್ತಾನೆ, ಗಿರಾಕಿಯೂ ಚೌಕಾಸಿ ಮಾಡುವುದಿಲ್ಲ. ಬಾಂಗಾಲ್ ಮನೆಯ ಹೆಣ್ಣು ಘೋಟಿ ಮನೆಗೆ ಸೊಸೆಯಾಗಿ ಹೋದಲ್ಲಿ ಅಡುಗೆಮನೆಯ ಸ್ಥಿತಿ ಏನಾದೀತೆಂಬುದನ್ನು ಊಹೆಗೆ ಬಿಡಲಾಗಿದೆ. ಅಂಥ ಮನೆಗಳು ಈಗ ಎಷ್ಟೋ. ಮಕ್ಕಳು ಅಪ್ಪನ ಕ್ಲಬ್ಬಿಗೆ ಸೇರಬೇಕೋ ಅಮ್ಮನ ಕ್ಲಬ್ಬಿಗೋ ಎಂಬ ವ್ಯಾಜ್ಯ ಯಾವ ನ್ಯಾಯಾಲಯದಲ್ಲೂ ತೀರುವಂಥದಲ್ಲ.

ಇಂದಿನ ಗ್ಯಾಲರಿಯಲ್ಲಿ ಕೂಗುವ ಹುಡುಗರ ಅಜ್ಜಂದಿರು ಕೂಡ ಎಷ್ಟೋ ಮಂದಿ ಕಲ್ಕತ್ತದಲ್ಲೇ ಹುಟ್ಟಿದವರು. ಪದ್ಮಾ ನದಿಯನ್ನು ಅವರು ಕಂಡಿಲ್ಲ. ಚಾಪೆಯ ಗೋಡೆಗಳು ಹೋಗಿ ಮೂರಂತಸ್ತಿನ ಮನೆಗಳಾಗಿವೆ. ವಿಜಯ್‌ಗಢದ ನೆಲಕ್ಕೆ ಈಗ ಚಿನ್ನದ ಬೆಲೆ. ಕ್ಲಬ್ಬಿನ ದರ್ಬಾರೂ ಹಿಂದಿನಂತೆ ಇಲ್ಲ. ಕಲ್ಕತ್ತ ಲೀಗಿನಲ್ಲಿ 2010ರಿಂದ 2017ರವರೆಗೆ ಸತತವಾಗಿ ಎಂಟು ಪಟ್ಟಗಳು ಬಂದು 1975ರ ದಾಖಲೆ ಮುರಿಯಿತು, ನಿಜ. 29 ಬಾರಿ ಗೆದ್ದ ಷೀಲ್ಡಿನ ಸಾಟಿ ಯಾರಿಗೂ ಇಲ್ಲ. ಮೋಹನ್ ಬಾಗಾನಿನೊಡನೆ ಆಡಿದ ಪಂದ್ಯಗಳ ಒಟ್ಟು ಲೆಕ್ಕದಲ್ಲೂ ಗೆಲುವು ಇವರದೇ ಹೆಚ್ಚು. ಆದರೆ ರಾಷ್ಟ್ರೀಯ ಲೀಗಿನ ಪಟ್ಟ 2004ರಲ್ಲಿ ಮೂರನೆಯ ಬಾರಿ ಬಂದಮೇಲೆ, ಅದರ ಸ್ಥಾನದಲ್ಲಿ ಬಂದ ಐ ಲೀಗನ್ನು ಅವರು ಒಮ್ಮೆಯೂ ಗೆಲ್ಲಲಿಲ್ಲ. 2018ರ ಸೂಪರ್ ಕಪ್ಪಿನ ಅಂತಿಮದಲ್ಲಿ 4-1ರಿಂದ ಸೋಲಿಸಿದವರು, ಯಾರೆಂದು ಕೊಂಡಿರಿ, ಬೆಂಗಳೂರಿನವರೇ! ಹಣವಂತರ ಹೊಸ ಇಂಡಿಯನ್ ಸೂಪರ್ ಲೀಗಿಗೆ 2020ರಲ್ಲಿ ಸೇರಿದ ಮೇಲೆ ಹಲವು ವರ್ಷ ಪಟ್ಟಿಯ ಕೆಳಗಡೆಯೇ ಉಳಿದು, ಮೋಹನ್ ಬಾಗಾನಿಗೆ ಮೇಲಿಂದ ಮೇಲೆ ಸೋತರು. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3-2ರಿಂದ ಸೋಲಿಸಿ ಸೂಪರ್ ಕಪ್ಪು ಗೆದ್ದಾಗ, ಹನ್ನೆರಡು ವರ್ಷಗಳ ಬಳಿಕ ರಾಷ್ಟ್ರಮಟ್ಟದ ಬಟ್ಟಲೊಂದು ಬಂತೆಂದು ದಕ್ಷಿಣ ಕಲ್ಕತ್ತದ ಮುದುಕರು ಮಕ್ಕಳಂತೆ ಬೀದಿಗಿಳಿದರು.

ಅದೇ ವರ್ಷ ಆಗಸ್ಟ್ 18ರಂದು ಸಾಲ್ಟ್ ಲೇಕಿನಲ್ಲಿ ಡ್ಯೂರಾಂಡ್ ಕಪ್ಪಿಗಾಗಿ ಎರಡು ತಂಡಗಳೂ ಎದುರಾಗಬೇಕಾಗಿತ್ತು. ಅದಕ್ಕೆ ಒಂಬತ್ತು ದಿನ ಮೊದಲು ನಗರದ ಆಸ್ಪತ್ರೆಯೊಂದರಲ್ಲಿ ತರುಣಿ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವಾಗಿ ಕೊಲೆಯಾಗಿತ್ತು, ಊರೆಲ್ಲ ಕುದಿಯುತ್ತಿತ್ತು. ಬಂದೋಬಸ್ತಿಗೆ ಪೊಲೀಸರು ಸಾಲರೆಂದು ಪಂದ್ಯವನ್ನು ರದ್ದುಮಾಡಿದರು. ಪಂದ್ಯವಿಲ್ಲದಿದ್ದರೂ ಜನ ಬಂದರು. ಕೆಂಪು ಮತ್ತು ಹೊಂಬಣ್ಣದವರೂ, ಮೋಹನ್ ಬಾಗಾನಿನ ಹಸುರು ಮತ್ತು ಕೆಂಗಂದು ಬಣ್ಣದವರೂ, ಮಹಮ್ಮಡನ್ ತಂಡದ ಕಪ್ಪುಬಿಳುಪಿನವರೂ ಮುಚ್ಚಿದ ಕ್ರೀಡಾಂಗಣದ ಮುಂದಿನ ರಸ್ತೆಯಲ್ಲಿ ಕಲೆತು, ಆ ಹೆಣ್ಣುಮಗಳಿಗೆ ನ್ಯಾಯ ಬೇಕೆಂದು ಒಂದೇ ದನಿಯಲ್ಲಿ ಕೂಗಿದರು. ಮೋಹನ್ ಬಾಗಾನಿನ ಅಂಗಿ ತೊಟ್ಟವನೊಬ್ಬನ ಹೆಗಲ ಮೇಲೆ ಈಸ್ಟ್ ಬೆಂಗಾಲಿನವನೊಬ್ಬ ಕುಳಿತಿದ್ದ ಚಿತ್ರ ಮರುದಿನ ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿತು. ಪೊಲೀಸರು ಲಾಠಿ ಬೀಸಿದಾಗ ಬಣ್ಣ ನೋಡಿ ಬೀಸಲಿಲ್ಲ.

ಮತ್ತೆ ಮೈದಾನಕ್ಕೆ ಬಂದರೆ, ಮಳೆ ನಿಂತ ಸಂಜೆ, ಈಸ್ಟ್ ಬೆಂಗಾಲ್ ಟೆಂಟಿನ ಬೇಲಿಯಾಚೆ ಹುಡುಗರು ಕೆಸರಿನಲ್ಲಿ ಆಡುತ್ತಿರುತ್ತಾರೆ. ಗೋಲಿನ ಗುರುತಿಗೆ ಎರಡು ಜೊತೆ ಚಪ್ಪಲಿ. ಕೋಟೆಯ ಕಡೆಯಿಂದ ಸಿಪಾಯಿಗಳು ಸೈಕಲ್ಲಿನಲ್ಲಿ ಹಾದುಹೋಗುವರು. ಟೆಂಟಿನ ಅಂಗಳದಲ್ಲಿ ಕ್ಲಬ್ಬಿನ ಹಳೆಯ ಸದಸ್ಯರು ಮಣ್ಣಿನ ಬಟ್ಟಲಿನಲ್ಲಿ ಚಹ ಹೀರುತ್ತ, 1975ರ ಐದು ಗೋಲುಗಳಲ್ಲಿ ಮೂರನೆಯದು ಯಾರ ಕಾಲಿನಿಂದ ಮೊದಲಾಯಿತೆಂದು ವಾದ ಮಾಡುತ್ತಿರುತ್ತಾರೆ. ಹೊಸಬನೊಬ್ಬ ಬಂದು ಕುಳಿತರೆ, ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆ ಇನ್ನೂ ಹಳೆಯದೇ: ‘ದೇಶ್ ಕೋಥಾಯ್?’ ಎಂದರೆ, ನಿಮ್ಮ ಊರು ಯಾವುದು? ಕಲ್ಕತ್ತದಲ್ಲೇ ಹುಟ್ಟಿ ಬೆಳೆದು ಎಪ್ಪತ್ತು ದಾಟಿದವನು ಕೂಡ, ಒಂದು ಕ್ಷಣವೂ ತಡೆಯದೆ, ‘ಬರಿಸಾಲ್’ ಎನ್ನುತ್ತಾನೆ.